ನಾಡಧ್ವಜ ಮತ್ತು ರಾಷ್ಟ್ರಧ್ವಜ

ನವೆಂಬರ್ 1ರ ರಾಜ್ಯೋತ್ಸವದಂದು ಅಮೃತಹಳ್ಳಿಯಂತಹ ಊರುಗಳಲ್ಲಿ ಹಳದಿ-ಕೆಂಪು ಬಾವುಟಗಳು ಹಾರಾಡುತ್ತವೆ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಈ ಬಾವುಟವು ಜನರ ಪ್ರೀತಿಯಿಂದಲೇ ನಾಡಧ್ವಜವೆನಿಸಿತು. ಕಾನೂನು ಅದಕ್ಕೆ ಆ ಪದವಿಯನ್ನು ಕೊಟ್ಟಿಲ್ಲ. 2018ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರವು ನಡುವೆ ಬಿಳಿಯ ಪಟ್ಟಿಯನ್ನೂ ಗಂಡಭೇರುಂಡವನ್ನೂ ಸೇರಿಸಿದ ಹೊಸ ಧ್ವಜವೊಂದನ್ನು ಸೂಚಿಸಿ, ಕೇಂದ್ರದ ಒಪ್ಪಿಗೆಯನ್ನು ಕೋರಿತು.

ರಾಷ್ಟ್ರಧ್ವಜವಿರುವೆಡೆ ನಾಡಧ್ವಜವನ್ನು ಏರಿಸುವಾಗ 2002ರ ಭಾರತದ ಧ್ವಜಸಂಹಿತೆಯನ್ನು ಪಾಲಿಸಬೇಕು. ಒಂದೇ ಕಂಬಕ್ಕೆ ಎರಡನ್ನೂ ಕಟ್ಟಬಾರದು. ತ್ರಿವರ್ಣಧ್ವಜಕ್ಕಿಂತ ಎತ್ತರದಲ್ಲಾಗಲಿ, ಅದರ ಪಕ್ಕದಲ್ಲಿ ಸರಿಸಮನಾಗಿ ಆಗಲಿ ಬೇರೆ ಬಾವುಟವಿರಕೂಡದು. ಇದರಿಂದ ನಾಡಿಗೆ ಕುಂದೆಂದು ಕೆಲವರು ನೊಂದುಕೊಳ್ಳುವುದುಂಟು. ಆದರೆ ಅಭಿಮಾನವನ್ನು ಕಂಬದ ಉದ್ದದಿಂದ ಅಳೆಯುವುದು ತರವಲ್ಲ. ಹಬ್ಬ ಕಳೆದ ಮೇಲೂ ಬಿಸಿಲುಮಳೆಗೆ ಮಾಸಿ, ಹರಿದು ಜೋತಾಡುವ ನಾಡಧ್ವಜಗಳೇ ಹೆಚ್ಚು ಖೇದವನ್ನುಂಟುಮಾಡುತ್ತವೆ. ಹರಿದ ರಾಷ್ಟ್ರಧ್ವಜವನ್ನು ಹಾರಿಸಬಾರದೆಂಬ ನಿಯಮವನ್ನು ಇವುಗಳಿಗೂ ಅನ್ವಯಿಸುವವರು ವಿರಳ.