ಕೆಲಸ ಹೋದ ಮಾರನೇ ದಿನ

ಪುಣೆಯ ಹಿಂಜವಡಿಯಲ್ಲೋ ಚಾಕಣದಲ್ಲೋ ಕೆಲಸ ಮಾಡುತ್ತಿರುವ ನಮ್ಮ ಮಕ್ಕಳು ಹೊರದೇಶದ ಮಾತೆತ್ತಿದರೆ ಎರಡೇ ಪ್ರಶ್ನೆ ಕೇಳುತ್ತಾರೆ: ಸಂಬಳ ಎಷ್ಟು ಬರುತ್ತದೆ, ವೀಸಾ ಎಷ್ಟು ಬೇಗ ಆಗುತ್ತದೆ. ತಮ್ಮಾ, ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಅಲ್ಲಿ ಹೋದ ಮೇಲೆ ಆ ಕೆಲಸ ಕೈಬಿಟ್ಟರೆ, ಮಾರನೇ ದಿನದಿಂದ ನಾನು ಆ ದೇಶದಲ್ಲಿ ಎಷ್ಟು ದಿನ ಇರಬಹುದು? ವೀಸಾ ನಿನ್ನ ಕೈಯಲ್ಲಿದೆಯೋ ಕಂಪನಿಯ ಕೈಯಲ್ಲಿದೆಯೋ ಎಂಬುದು ಇದರ ಉತ್ತರದಲ್ಲೇ ತಿಳಿದುಬಿಡುತ್ತದೆ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತನಾದವನು ನಾನು. ವಿಜಯಪುರ, ಬಾಗಲಕೋಟೆ, ಅಕ್ಕಲಕೋಟೆ, ಜತ್ತದ ಕಡೆಯಿಂದ ಬಂದು ಈ ಪುಣೆಯಲ್ಲಿ ಬೇರುಬಿಟ್ಟ ಮನೆಗಳ ಮಕ್ಕಳು ಕಾಗದಪತ್ರ ಹಿಡಿದು ಬಂದು ಕೂತಾಗ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಅಮೆರಿಕದಿಂದಲೇ ಶುರು ಮಾಡೋಣ, ಎಲ್ಲರ ಕಣ್ಣೂ ಅಲ್ಲೇ ಇರುತ್ತದಲ್ಲ. ಎಚ್-1ಬಿ ವೀಸಾ ವರ್ಷಕ್ಕೆ 65,000 ಜನರಿಗೆ. ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000 ವೀಸಾ. ಅರ್ಜಿ ಹಾಕುವುದು ಕಂಪನಿ, ನೀನಲ್ಲ. ಆಯ್ಕೆಯಾದರೆ ಮೂರು ವರ್ಷ, ಮುಂದುವರಿಸಿದರೆ ಆರು ವರ್ಷ. ನಡುವೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ನಿನ್ನ ಪರವಾಗಿ ಅರ್ಜಿ ಹಾಕದಿದ್ದರೆ ಬಾಡಿಗೆ ಮನೆಯ ಕರಾರು, ಕಾರಿನ ಸಾಲ, ಮಗುವಿನ ಶಾಲೆ ಎಲ್ಲವನ್ನೂ ಅರ್ಧಕ್ಕೇ ಬಿಟ್ಟು ಹೊರಡಬೇಕಾದೀತು. 2025ರ ಸೆಪ್ಟೆಂಬರ್ 21ರಿಂದ ಹೊಸದಾಗಿ ಹೊರಗಿನಿಂದ ಕರೆಸಿಕೊಳ್ಳುವವರಿಗಾಗಿ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶವೂ ಬಂತು. ನಾಲ್ಕೈದು ವರ್ಷದ ಅನುಭವದ ಹುಡುಗನಿಗೆ ಅಷ್ಟು ಹಣ ಸುರಿಯುವ ಕಂಪನಿ ಎಷ್ಟಿದ್ದೀತು, ನೀನೇ ಯೋಚನೆ ಮಾಡು.

ಕಂಪನಿಯವರೇ ಆನ್‌ಸೈಟ್ ಕಳಿಸುತ್ತೇವೆಂದು ಎಲ್-1 ವೀಸಾ ಕೊಡಿಸಿದರೆ ಹೋಗು, ಬೇಡವೆನ್ನುವುದಿಲ್ಲ. ಆದರೆ ಆ ವೀಸಾದಲ್ಲಿ ಬೇರೆ ಕಂಪನಿಗೆ ಕಾಲಿಡಲು ಬರುವುದಿಲ್ಲ ಎಂಬುದು ತಲೆಯಲ್ಲಿರಲಿ. ಇನ್ನು ಗ್ರೀನ್ ಕಾರ್ಡ್: ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಒಂದು ದೇಶದವರಿಗೆ ಶೇ. 7ರ ಮಿತಿ. ದೇಶ ಚಿಕ್ಕದಿರಲಿ ದೊಡ್ಡದಿರಲಿ ಮಿತಿ ಒಂದೇ. ನಮ್ಮವರ ಸಾಲು ದಶಕಗಟ್ಟಲೆ ಉದ್ದವಾಗಿರುವುದಕ್ಕೆ ಇದೇ ಕಾರಣ. ಸಾಲಿನಲ್ಲಿ ನಿಂತಿರುವಾಗಲೇ ಮಕ್ಕಳಿಗೆ 21 ತುಂಬಿ, ಅವರು ತಂದೆಯ ಅರ್ಜಿಯಿಂದ ಹೊರಬಿದ್ದ ಮನೆಗಳೂ ಇವೆ.

ಕೆಲಸ ಹೋದರೆ ಬ್ರಿಟನ್ನಿನಲ್ಲೂ ಸಾಮಾನ್ಯವಾಗಿ 60 ದಿನವೇ. ಅಲ್ಲಿಯ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈ 22ರಿಂದ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್‌ಗೆ ಏರಿತು. ಆಸ್ಟ್ರೇಲಿಯಾದಲ್ಲಿ ಕಂಪನಿ ಕರೆಸಿಕೊಳ್ಳುವ ವೀಸಾಕ್ಕೂ ಕೆಲಸ ಹೋದರೆ ಒಂದು ಸಲಕ್ಕೆ 180 ದಿನ ಕೊಡುತ್ತಾರೆ. ಎರಡು ತಿಂಗಳಿಗೂ ಆರು ತಿಂಗಳಿಗೂ ಇರುವ ಅಂತರ ಸಂಬಳದ ಪಟ್ಟಿಯಲ್ಲಿ ಕಾಣುವುದಿಲ್ಲ. ಕಷ್ಟ ಬಂದಾಗ ಮಾತ್ರ ಗೊತ್ತಾಗುತ್ತದೆ.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯ ದಾರಿಯೇ ಬೇರೆ. ಅಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ನಿನ್ನ ಹೆಸರಿಗೇ ಬರುತ್ತದೆ. ಕೆಲಸ ಬಿಟ್ಟರೂ ಹೋದರೂ ವಾಸಕ್ಕೆ ಧಕ್ಕೆಯಿಲ್ಲ. ಆದರೆ ಅಂಕದ ಲೆಕ್ಕ ಕಠಿಣ. ವಯಸ್ಸಿಗೆ ಪೂರ್ತಿ ಅಂಕ 20ರಿಂದ 29ರವರೆಗೆ ಮಾತ್ರ. ಮೂವತ್ತರಿಂದ ವರ್ಷ ವರ್ಷ ಇಳಿಯುತ್ತ ಹೋಗಿ 45ಕ್ಕೆ ಸೊನ್ನೆ. 2025ರ ಮಾರ್ಚ್‌ನಲ್ಲಿ ಜಾಬ್ ಆಫರ್‌ಗೆ ಕೊಡುತ್ತಿದ್ದ ಅಂಕವನ್ನೂ ತೆಗೆದರು. ಆದ್ದರಿಂದ ಕೆನಡಾ ಮನಸ್ಸಿನಲ್ಲಿದ್ದರೆ ಇಂಗ್ಲಿಷ್ ಪರೀಕ್ಷೆಯನ್ನು ಇನ್ನೊಂದು ವರ್ಷಕ್ಕೆ ಮುಂದೂಡಬೇಡ. ಮುಂದೂಡಿದ ವರ್ಷವನ್ನು ಅಂಕದಲ್ಲಿ ತೆರಬೇಕಾಗುತ್ತದೆ.

ಪುಣೆಯಲ್ಲಿದ್ದವನಿಗೆ ನಾನು ಒತ್ತಿ ಹೇಳುವ ದಾರಿ ಜರ್ಮನಿ. ಈ ಊರಿಗೂ ಆ ದೇಶಕ್ಕೂ ಕೆಲಸದ ನಂಟು ಹಳೆಯದು. ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ಇದೆ, ಮರ್ಸಿಡಿಸ್ ಇದೆ, ಅವರಿಗೆ ಬಿಡಿಭಾಗ ಒದಗಿಸುವವರ ಸಾಲೇ ಇದೆ. ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್ ಮ್ಯುಲರ್ ಭವನದಲ್ಲೋ ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲೋ ಜರ್ಮನ್ ಕಲಿಯಬಹುದು. ಇಂಥ ಅನುಕೂಲ ನಮ್ಮ ಕಡೆಯ ಎಷ್ಟೋ ಜಿಲ್ಲೆಗಳ ಮಕ್ಕಳಿಗಿಲ್ಲ. ಭಾರತೀಯರಿಗೆ ವರ್ಷಕ್ಕೆ ಕೊಡುವ ನುರಿತ ಕೆಲಸಗಾರರ ವೀಸಾವನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಜರ್ಮನಿ ಹೇಳಿತು. ಅಲ್ಲಿ ಇಯು ಬ್ಲೂ ಕಾರ್ಡ್‌ಗೆ 2025ರಲ್ಲಿ ವರ್ಷದ ಸಂಬಳ 48,300 ಯೂರೋ ಇರಬೇಕಿತ್ತು; ಜನ ಸಾಲದ ಕೆಲಸಗಳಿಗೆ, ಅದರಲ್ಲಿ ಐಟಿ, ಎಂಜಿನಿಯರಿಂಗ್ ಸೇರಿವೆ, ಸುಮಾರು 43,760. ಪ್ರತಿ ಜನವರಿಗೆ ಈ ಅಂಕಿ ಬದಲಾಗುತ್ತದೆ, ಹೊಸದನ್ನು ನೋಡಿಕೋ. ಬ್ಲೂ ಕಾರ್ಡ್ ಇದ್ದವನಿಗೆ ಕಾಯಂ ವಾಸದ ಪರವಾನಗಿ 27 ತಿಂಗಳಿಗೆ ಸಿಗಬಹುದು. ಜರ್ಮನ್ ಬಿ1 ಮಟ್ಟ ದಾಟಿದ್ದರೆ 21 ತಿಂಗಳಿಗೇ. ಅಮೆರಿಕದ ಆ ಸಾಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡು, ತಮ್ಮಾ. ಭಾಷೆ ಕಲಿತದ್ದಕ್ಕೆ ಆರು ತಿಂಗಳು ಕೈಗೆ ಬರುತ್ತದೆ, ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ಬಾಯಿ ಬರುತ್ತದೆ.

ಜರ್ಮನಿಯಲ್ಲೇ 2024ರ ಜೂನ್‌ನಿಂದ ಆಪರ್ಚುನಿಟಿ ಕಾರ್ಡ್ ಅಂತ ಒಂದಿದೆ. ಕೆಲಸ ಸಿಗುವ ಮೊದಲೇ ಒಂದು ವರ್ಷ ಅಲ್ಲಿದ್ದು ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕಿತ್ತು 2025ರಲ್ಲಿ. ಇಲ್ಲಿಯ ಕೆಲಸ ಬಿಟ್ಟು, ಸಾಲ ಮಾಡಿ ಇದರಲ್ಲಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಕೈಯಲ್ಲಿ ಉಳಿತಾಯವಿದ್ದು, ಬಿ1 ಮುಗಿದಿದ್ದರೆ ಮಾತ್ರ ನೋಡು.

ಈಗ ಕಾಗದಪತ್ರದ ಮಾತು. ನಮ್ಮ ಕಡೆಯವರು ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಲ್ಲಿಕಾರ್ಜುನ ಎಸ್. ಬಿ.’, ಡಿಗ್ರಿಯಲ್ಲಿ ತಂದೆಯ ಹೆಸರೂ ಸೇರಿದೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಇನಿಷಿಯಲ್ ಬಿಡಿಸಿ ಬರೆದದ್ದು ಒಂದೊಂದು ಕಡೆ ಒಂದೊಂದು ಥರ. ವೀಸಾ ಅಧಿಕಾರಿಗೆ ಇವರು ಮೂರು ಜನರಂತೆ ಕಾಣುತ್ತಾರೆ. ಆಫರ್ ಬರುವ ಮೊದಲೇ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಒಂದೊಂದು ಅಕ್ಷರ ತಾಳೆ ನೋಡು. ತಿದ್ದುವುದಿದ್ದರೆ ಮುಂಢವಾದ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಈಗಲೇ ಹೋಗು. ವಿಟಿಯುನಲ್ಲಿ ಓದಿದವನಾದರೆ ಟ್ರಾನ್ಸ್‌ಕ್ರಿಪ್ಟ್ ಬೆಳಗಾವಿಯಿಂದ ಬರಬೇಕು, ಸಮಯ ಇಟ್ಟುಕೋ. ಜರ್ಮನಿಯ ಅನಾಬಿನ್ ಪಟ್ಟಿಯಲ್ಲಿ ನಿನ್ನ ವಿಶ್ವವಿದ್ಯಾಲಯಕ್ಕೆ ಮಾನ್ಯತೆಯ ಗುರುತಾದ ‘ಎಚ್ ಪ್ಲಸ್’ ಇದೆಯೇ ನೋಡು. ಹಳ್ಳಿಯ ಮನೆಯಲ್ಲೇ ಹುಟ್ಟಿ ಜನನ ಪ್ರಮಾಣಪತ್ರ ಮಾಡಿಸದೆ ಬಿಟ್ಟಿದ್ದರೆ ಊರಿಗೆ ಹೋದಾಗ ಅದನ್ನೂ ಮಾಡಿಸು.

ಏಜೆಂಟರ ವಿಷಯದಲ್ಲಿ ನನಗೆ ಭಯವಿದೆ, ಮುಚ್ಚಿಡುವುದಿಲ್ಲ. ಸೆಕ್ಯೂರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುಕ್ರೇನ್ ಯುದ್ಧದ ನಡುವೆ ಸಿಕ್ಕಿಬಿದ್ದರು. ಅವರು ಊರಿಗೆ ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ಪರವಾನಗಿ ಇರಲೇಬೇಕು. ಅವನು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ನಮ್ಮ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಅವನ ಹೆಸರು ಹುಡುಕು. ಬ್ರಿಟನ್ ಸರಕಾರ ಪರವಾನಗಿಯುಳ್ಳ ಸ್ಪಾನ್ಸರ್ ಕಂಪನಿಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಸ್ಪಾನ್ಸರ್‌ಶಿಪ್‌ಗೆ ನೀನೇ ಲಕ್ಷಗಟ್ಟಲೆ ಕೊಡು ಎಂದವನ ಮುಂದೆ ಒಂದು ನಿಮಿಷವೂ ಕೂರಬೇಡ.

ಮದುವೆಯಾಗಿದ್ದರೆ ಅಥವಾ ಆಗುವುದಿದ್ದರೆ ನಿನ್ನ ಹೆಂಡತಿಯ ಕೆಲಸದ ಬಗ್ಗೆಯೂ ಕೇಳು. ಓದಿ ಪದವಿ ಪಡೆದ ಹೆಣ್ಣುಮಗಳು ಅಮೆರಿಕದಲ್ಲಿ ಎಚ್-1ಬಿಯವರ ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿ ವರ್ಷಗಟ್ಟಲೆ ಮನೆಯಲ್ಲಿ ಕೂತು ಒಳಗೊಳಗೇ ಸವೆದದ್ದನ್ನು ನಾನು ಕಂಡಿದ್ದೇನೆ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ಸಾಮಾನ್ಯವಾಗಿ ಅವಳಿಗೆ ದುಡಿಯುವ ಹಕ್ಕಿಲ್ಲ. ಬ್ಲೂ ಕಾರ್ಡ್ ಹೊಂದಿದವರ ಸಂಗಾತಿ ಜರ್ಮನಿಯಲ್ಲಿ ಮೊದಲ ದಿನದಿಂದ ಕೆಲಸ ಮಾಡಬಹುದು. ಅಲ್ಲಿ 2024ರ ಮಾರ್ಚ್ ನಂತರ ಮೊದಲ ಸಲ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಳ್ಳಲೂ ದಾರಿ ಮಾಡಿದ್ದಾರೆ, ಆದರೆ ವಯಸ್ಸಾದವರಿಗೆ ಆರೋಗ್ಯ ವಿಮೆ ಹೊಂದಿಸುವುದು ಬಹಳ ದುಬಾರಿ. ಆದ್ದರಿಂದ ಅಪ್ಪ-ಅಮ್ಮನಿಗೆ ‘ಕರೆದುಕೊಂಡು ಹೋಗುತ್ತೇನೆ’ ಎಂದು ಮಾತು ಕೊಡುವ ಮೊದಲು ವಿಮೆಯ ಲೆಕ್ಕ ತೆಗೆದುಕೋ.

ಈ ಭಾನುವಾರ ಬಿಡುವಿದ್ದರೆ ಆಫರ್ ಲೆಟರ್ ತೆಗೆದುಕೊಂಡು ಮನೆಗೆ ಬಾ. ನೋಟಿಸ್ ಅವಧಿ, ಬಾಂಡ್, ಮಧ್ಯದಲ್ಲಿ ಬಿಟ್ಟರೆ ವಾಪಸ್ ಕೊಡಬೇಕಾದ ಹಣ, ಮರಳುವ ಟಿಕೆಟ್ ಯಾರದು, ಈ ನಾಲ್ಕನ್ನು ಕೂತು ಓದೋಣ. ಓದಿ ಮುಗಿಸುವವರೆಗೆ ಸಹಿ ಹಾಕಬೇಡ.