ಕುರಿಗಳ ಸಿಡುಬನ್ನು ಗುರುತಿಸುವ ಬಗೆ

ಮನುಷ್ಯರನ್ನು ಪೀಡಿಸುತ್ತಿದ್ದ ಸಿಡುಬು ಲೋಕದಿಂದಲೇ ನಿರ್ಮೂಲವಾಯಿತೆಂದು 1980ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಘೋಷಿಸಿತು. ಕುರಿಗಳ ಸಿಡುಬಾದರೋ ಇನ್ನೂ ಉಳಿದಿದೆ. ಇದು ಬೇರೊಂದು ವಿಷಾಣುವಿನಿಂದ ಹುಟ್ಟತಕ್ಕ ರೋಗ, ಮನುಷ್ಯರಿಗೆ ಅಂಟುವುದಿಲ್ಲ. ಚಾಂಪಿಯನ್ ರೀಫ್ ಮತ್ತು ನಂದಿದುರ್ಗ ಮೊದಲಾದ ಹಳೆಯ ಚಿನ್ನದ ಗಣಿಗಳ ಸುತ್ತಣ ಹಳ್ಳಿಗಳು ಆಂಧ್ರ ಮತ್ತು ತಮಿಳುನಾಡುಗಳ ಎಲ್ಲೆಗೆ ಸಮೀಪವಾಗಿರುವುದರಿಂದ ಮೂರು ಸೀಮೆಗಳ ಮಂದೆಗಳು ಸಂತೆಗಳಲ್ಲಿ ಕಲೆಯುವ ಸಂಭವವುಂಟು. ಗೊಬ್ಬರಕ್ಕಾಗಿ ಪರಸ್ಥಳದ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುವ ಜಮೀನುದಾರರು ಈ ರೋಗದ ಲಕ್ಷಣಗಳನ್ನು ಅರಿತಿರುವುದು ಅವಶ್ಯಕ.

ಸೋಂಕು ತಗಲಿದ ಒಂದೆರಡು ವಾರಗಳೊಳಗೆ ಕುರಿಗೆ ಜ್ವರವೇರಿ 104ರಿಂದ 107 ಡಿಗ್ರಿಗಳವರೆಗೂ ಮುಟ್ಟುವುದು. ಪ್ರಾಣಿಯು ಮೇವು ಬಿಟ್ಟು, ತಲೆ ತಗ್ಗಿಸಿ, ಮಂದೆಯಿಂದ ಹಿಂದೆ ಬೀಳುವುದು. ರೆಪ್ಪೆಗಳು ಬಾತು ಕಣ್ಣಿನಲ್ಲಿಯೂ ಮೂಗಿನಲ್ಲಿಯೂ ನೀರು ಸುರಿಯುವುದು. ಇದನ್ನು ನೆಗಡಿಯೆಂದು ತಿಳಿದು ಸುಮ್ಮನಿರುವವರೇ ಹೆಚ್ಚು. ಎರಡರಿಂದ ಐದು ದಿನಗಳಲ್ಲಿ ಚರ್ಮದ ಮೇಲೆ ಕೆಂಪು ಕಲೆಗಳೆದ್ದು ಗಟ್ಟಿಯಾದ ಬೊಕ್ಕೆಗಳಾಗುವುವು. ಉಣ್ಣೆಯಿರುವ ಕಡೆ ನೋಡಿದರೆ ಇವು ಕಾಣವು. ಬಾಲವನ್ನೆತ್ತಿ ಅದರ ಅಡಿಭಾಗವನ್ನೂ, ತೊಡೆಸಂದು, ಕಂಕುಳು, ಕೆಚ್ಚಲು, ಮೂತಿಗಳನ್ನೂ ಕೈಯಾಡಿಸಿ ನೋಡತಕ್ಕದ್ದು. ಬೊಕ್ಕೆಗಳು ಮುಂದೆ ಒಣಗಿ ಕಪ್ಪು ಹಕ್ಕಳೆಗಟ್ಟುವುವು. ಶ್ವಾಸಕೋಶಕ್ಕೂ ಗಂಟುಗಳು ವ್ಯಾಪಿಸಿದರೆ ಉಸಿರಾಟ ಕಷ್ಟವಾಗುವುದು. ಎಳೆಯ ಮರಿಗಳು ಬದುಕುವುದು ವಿರಳ. ತುಟಿಯ ಅಂಚಿನಲ್ಲಿ ಮಾತ್ರ ಹುಣ್ಣುಗಳೆದ್ದು ಮೈಯೆಲ್ಲ ನಯವಾಗಿದ್ದರೆ ಅದು ಬಹುಶಃ ಬಾಯಿಹುಣ್ಣಿನ ರೋಗವೇ ಹೊರತು ಸಿಡುಬಲ್ಲ.

'ಅಮ್ಮ' ಬಂದಿರುವಳೆಂದು ದೊಡ್ಡಿಗೆ ಬೇವಿನ ಸೊಪ್ಪು ಕಟ್ಟುವುದರಿಂದ ಹಾನಿಯೇನೂ ಇಲ್ಲ. ಹಾನಿಯಿರುವುದು ಅದನ್ನು ಕಟ್ಟಿ ಕಾಯುವ ದಿನಗಳಲ್ಲಿ. ಉದುರಿದ ಹಕ್ಕಳೆಯಲ್ಲಿನ ವಿಷವು ನೆರಳಿರುವ ಕೊಳಕು ದೊಡ್ಡಿಯಲ್ಲಿ ಆರು ತಿಂಗಳವರೆಗೂ ಜೀವಂತವಾಗಿರಬಲ್ಲುದು. ಆದುದರಿಂದ ಮೊದಲನೆಯ ಕುರಿಯಲ್ಲಿ ಸಂಶಯ ಹುಟ್ಟಿದೊಡನೆಯೇ ಅದನ್ನು ಬೇರ್ಪಡಿಸಿ ವರ್ತಮಾನ ಕೊಡತಕ್ಕದ್ದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆಯ ಪಟ್ಟಿಯಲ್ಲಿ ಈ ರೋಗವೂ ಸೇರಿರುವುದರಿಂದ, ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸುವುದು ಒಡೆಯನ ಕರ್ತವ್ಯ. ಅವರ ಮೂಲಕ ಸಮಾಚಾರವು ಸಮೀಪದ ಪಶುವೈದ್ಯರಿಗೆ ಮುಟ್ಟಬೇಕು.

ರೋಗ ಹತ್ತಿದ ಮೇಲೆ ವಿಷಾಣುವನ್ನೇ ಕೊಲ್ಲುವ ಔಷಧವಿಲ್ಲ. ಹುಣ್ಣಿನ ಆರೈಕೆಯಷ್ಟೇ ಸಾಧ್ಯ. ಲಸಿಕೆಯೊಂದೇ ರಕ್ಷಣೆ. 1925ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಸಂಸ್ಥೆಯು ಪಶುರೋಗಗಳ ಲಸಿಕೆಗಳನ್ನು ತಯಾರಿಸುತ್ತದೆ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಸಿಡುಬಿನ ಲಸಿಕೆ ಹಾಕಿಸಿ, ಅನಂತರ ವರ್ಷಕ್ಕೊಮ್ಮೆ ಹಾಕಿಸುತ್ತಿರಬೇಕು. ಸತ್ತ ಕುರಿಯ ಚರ್ಮ ಸುಲಿಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಚೆಲ್ಲಿ ಹೂಳತಕ್ಕದ್ದು. ಹೊಸದಾಗಿ ಕೊಂಡ ಕುರಿಗಳನ್ನು ಮೂರು ವಾರಗಳ ಕಾಲ ಪ್ರತ್ಯೇಕವಾಗಿಟ್ಟು, ಬಾಲದಡಿಯನ್ನು ಪರೀಕ್ಷಿಸಿದ ಮೇಲೆಯೇ ಮಂದೆಗೆ ಸೇರಿಸುವುದು.