ಲಕ್ಷ ಕಿಲೋಮೀಟರು ದಾಟಿದ ಹೈಬ್ರಿಡ್ ಕಾರಿನ ಪೋಷಣೆ

ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿಯೇ ಜಪಾನಿನಲ್ಲಿ ಟೊಯೋಟಾದವರ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಮಾರಾಟಕ್ಕೆ ಬಂದಿತೆಂಬುದು ಕೇವಲ ಕಾಕತಾಳೀಯ; ಆದರೆ ಪೆಟ್ರೋಲ್ ಎಂಜಿನನ್ನೂ ವಿದ್ಯುತ್ ಮೋಟಾರನ್ನೂ ಒಂದೇ ನೊಗಕ್ಕೆ ಹೂಡುವ ಆ ವಿದ್ಯೆ 2013ರಲ್ಲಿ ಕ್ಯಾಮ್ರಿಯ ರೂಪದಲ್ಲಿ ನಮ್ಮ ಬಿಡದಿಯ ಕಾರ್ಖಾನೆಗೆ ಬಂದು, ತರುವಾಯ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್‌ಗಳಾಗಿ ತೆರಕಣಾಂಬಿಯ ರಸ್ತೆಯವರೆಗೂ ವ್ಯಾಪಿಸಿರುವ ಈ ಕಾಲದಲ್ಲಿ, “ಲಕ್ಷ ದಾಟ್ತಲ್ಲ ಸ್ವಾಮಿ, ಇನ್ನು ಬ್ಯಾಟರಿ ಹೋಯ್ತದೆ, ಮಾರಿಬುಡಿ” ಎಂದು ಉಪದೇಶಿಸುವವರೂ ಊರೂರಿಗೆ ಹುಟ್ಟಿಕೊಂಡಿದ್ದಾರೆ. ಆ ಬ್ಯಾಟರಿಗೆ ತಯಾರಕರೇ 8 ವರ್ಷ ಅಥವಾ 1,60,000 ಕಿ.ಮೀ.ಗಳ ವಾರಂಟಿ ಕೊಟ್ಟಿರುವುದನ್ನು ಇವರು ಗಮನಿಸಿದಂತಿಲ್ಲ. ನಾನು ಕಂಡಮಟ್ಟಿಗೆ ಈ ಕಾರುಗಳನ್ನು ಬೇಗನೆ ಮುಪ್ಪಾಗಿಸುವುದು ಓಡಿದ ದೂರವಲ್ಲ, ಕಟ್ಟಿಹೋದ ಉಸಿರು.

ಆದುದರಿಂದ ಮೊತ್ತಮೊದಲು ನೋಡತಕ್ಕದ್ದು ದೊಡ್ಡ ಬ್ಯಾಟರಿಯ ಗಾಳಿಯ ದಾರಿಯನ್ನು. ಅನೇಕ ಮಾದರಿಗಳಲ್ಲಿ ಹಿಂದಿನ ಆಸನದ ಬುಡದಲ್ಲಿಯೋ ಪಕ್ಕದಲ್ಲಿಯೋ ಒಂದು ಜಾಲರಿಯಿದ್ದು, ಅದರ ಒಳಗಿನ ಸಣ್ಣ ಫ್ಯಾನು ನಾವು ಕುಳಿತಿರುವ ಸ್ಥಳದ ತಂಪುಗಾಳಿಯನ್ನೇ ಎಳೆದು ಬ್ಯಾಟರಿಯ ಮೇಲೆ ಹಾಯಿಸುತ್ತದೆ. ಒಮ್ಮೆ ಗುಂಡ್ಲುಪೇಟೆಯ ಕಡೆಯಿಂದ ಸಾಂಬಾರ್ ಈರುಳ್ಳಿಯ ಎರಡು ಮೂಟೆಗಳನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು, ಎ.ಸಿ.ಯನ್ನೂ ಉಳಿತಾಯದ ಹುಮ್ಮಸ್ಸಿನಲ್ಲಿ ಆರಿಸಿ ಘಟ್ಟ ಹತ್ತಿದ ನನಗೆ, ಹಿಂದಿನಿಂದ ಆ ಫ್ಯಾನು ಬಿರುಗಾಳಿಯಂತೆ ಮೊರೆಯತೊಡಗಿದಾಗಲೇ ನನ್ನ ಅವಿವೇಕದ ಅರಿವಾದದ್ದು. ಮೂಟೆ ಇಳಿಸಿ ನೋಡಿದರೆ ಜಾಲರಿಯ ತುಂಬ ಈರುಳ್ಳಿ ಸಿಪ್ಪೆ! ಕರಿಕಲ್ಲಿನ ಗಣಿಗಳ ದೂಳು, ಬೇಸಗೆಯ ಕೆಮ್ಮಣ್ಣು ಇವುಗಳ ನಡುವೆ ಓಡುವ ಕಾರಿನಲ್ಲಿ ಈ ಜಾಲರಿಯ ಫಿಲ್ಟರನ್ನು ಮೂರು ತಿಂಗಳಿಗೊಮ್ಮೆಯಾದರೂ ತೆಗೆದು ಶುಚಿಮಾಡಬೇಕು. ಲಕ್ಷ ದಾಟಿದ ಮೇಲೆ ಒಮ್ಮೆ ಫ್ಯಾನಿನ ರೆಕ್ಕೆಗಳನ್ನೂ ಬಿಚ್ಚಿಸಿ ಒರೆಸಬೇಕು. ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಏರುದಾರಿ ಹತ್ತಿಸುವಾಗ ಎ.ಸಿ. ಹಾಕುವುದು ಸುಖಕ್ಕಾಗಿ ಮಾತ್ರವಲ್ಲ, ಬ್ಯಾಟರಿಯ ಆಯುಸ್ಸಿಗಾಗಿಯೂ ಹೌದು.

ಎರಡನೆಯದು, ಯಾರೂ ಲೆಕ್ಕಕ್ಕಿಡದ 12 ವೋಲ್ಟಿನ ಚಿಕ್ಕ ಬ್ಯಾಟರಿ. ಕಾರನ್ನು ಎಬ್ಬಿಸುವ ಗಣಕಗಳಿಗೂ ದೊಡ್ಡ ಬ್ಯಾಟರಿಯ ರಿಲೇಗಳಿಗೂ ಶಕ್ತಿ ಕೊಡುವುದು ಇದೇ ಆದ್ದರಿಂದ, ಇದು ಸತ್ತರೆ ದೊಡ್ಡದು ತುಂಬಿದ್ದರೂ ಗಾಡಿ ಮಿಸುಕದು. ರಾತ್ರಿ ನಿಂತ ಕಾರಿನಲ್ಲಿ ಬೆಳಿಗ್ಗೆ ಮೀಟರು ಹಿಡಿದಾಗ 12.6ರ ಆಸುಪಾಸಿನಲ್ಲಿದ್ದರೆ ಕ್ಷೇಮ; 12ರ ಕೆಳಗಿಳಿದರೆ ಬದಲಿಸುವ ಯೋಚನೆ ಮಾಡಿ. ಅದು ಡಿಕ್ಕಿಯಲ್ಲಿರುವ ಮಾದರಿಯಾದರೆ ಅನಿಲವನ್ನು ಹೊರಕ್ಕೆ ಒಯ್ಯುವ ಕೊಳವೆ ಹೊಂದುವ ಬಗೆಯದನ್ನೇ ಹಾಕಿಸತಕ್ಕದ್ದು. ನೆರೆಯವರ ಟ್ರ್ಯಾಕ್ಟರ್ ಚಾಲೂ ಮಾಡಲು ಇದರಿಂದ ಕರೆಂಟು ಕೊಡುವ ಔದಾರ್ಯವೂ ಬೇಡ.

ಎಂಜಿನ್ನು ಆಗಾಗ ನಿಲ್ಲುತ್ತದೆಂದು ಆಯಿಲಿನ ವಾಯಿದೆಯನ್ನು ಮುಂದೂಡಬಾರದು. ಪೂರ್ತಿ ಕಾಯುವ ಮೊದಲೇ ಆರಿ ಆರಿ ಹೊತ್ತುವ ಎಂಜಿನ್ನಿನಲ್ಲಿ ತೇವ ಉಳಿಯುವುದು ಹೆಚ್ಚು. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸುವ ಇನ್ವರ್ಟರಿಗೆ ಪ್ರತ್ಯೇಕ ಕೂಲೆಂಟ್ ಡಬ್ಬಿಯಿರುತ್ತದೆ. ಎಂಜಿನ್ನಿನದು, ಇನ್ವರ್ಟರಿನದು ಎರಡರ ಮಟ್ಟವನ್ನೂ ತಿಂಗಳಿಗೊಮ್ಮೆ ನೋಡಿ, ನಲ್ಲಿಯ ನೀರನ್ನು ಮಾತ್ರ ಸುರಿಯಬೇಡಿ. ಮುಂಜಾನೆಯ ಮೊದಲ ಚಾಲನೆಯಲ್ಲಿ ಎಂಜಿನ್ನು ಗಡಗಡನೆ ನಡುಗಿದರೆ ಹೊಗೆಯ ಒಂದಂಶವನ್ನು ಎಂಜಿನ್ನಿಗೇ ಮರಳಿಸುವ ಇ.ಜಿ.ಆರ್. ದಾರಿಯಲ್ಲಿ ಮಸಿ ಕಟ್ಟಿದೆಯೇ, ಕೂಲೆಂಟ್ ಇಳಿದಿದೆಯೇ ಎಂದು ಪರೀಕ್ಷೆ ಮಾಡಿಸಿ. ಹೆಚ್ಚಿನ ವೋಲ್ಟೇಜು ಹರಿಯುವ ಕಿತ್ತಳೆ ಬಣ್ಣದ ತಂತಿಗಳು ಪ್ರಾಣಾಂತಕ. ಅವು ತರಬೇತಾದವರ ಪಾಲಿಗಿರಲಿ. ಇಲಿ ಕಡಿದ ಗುರುತು ಕಂಡರೂ ಮುಟ್ಟದೆ ಅವರನ್ನೇ ಕರೆಯಿರಿ.

ಬ್ರೇಕಿನ ಸಂಗತಿ ವಿಚಿತ್ರವಾದದ್ದು. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುವುದರಿಂದ ಪ್ಯಾಡುಗಳು ಬೇಗ ಸವೆಯುವುದಿಲ್ಲ, ಆದರೆ ಕೆಲಸವಿಲ್ಲದ ಕ್ಯಾಲಿಪರ್ ಪಿನ್ನುಗಳು ತುಕ್ಕು ಹಿಡಿದು ಬಿಗಿದುಕೊಳ್ಳುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಗ್ರೀಸು ಹಾಕಿಸದಿದ್ದರೆ, ಹಾಸನೂರು ಕಳೆದು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯುವಾಗ ಅದರ ಫಲ ಉಣ್ಣಬೇಕಾದೀತು. ಅಂಥ ಇಳಿಜಾರಿನಲ್ಲಿ ಕೆಲವೇ ತಿರುವುಗಳೊಳಗೆ ಬ್ಯಾಟರಿ ತುಂಬಿ, ಮೋಟಾರಿನ ಸಹಾಯ ಕುಗ್ಗಿ, ಭಾರವೆಲ್ಲ ಪ್ಯಾಡುಗಳ ಮೇಲೆ ಬೀಳುತ್ತದೆ; ಗೇರಿನಲ್ಲಿ ‘ಬಿ’ ಸ್ಥಾನವಿದ್ದರೆ ಅಲ್ಲಿಗೆ ಸರಿಸಿ, ಎಂಜಿನ್ನಿಗೂ ತಡೆಯುವ ಕೆಲಸ ಕೊಡಿ. ನ್ಯೂಟ್ರಲಿನಲ್ಲಿ ಇಳಿಯುವ ಹಳೆಯ ಚಾಳಿಯಂತೂ ಸರ್ವಥಾ ಸಲ್ಲದು.

ಇಷ್ಟಾಗಿಯೂ ಚಾರ್ಜಿನ ಪಟ್ಟಿಗಳು ಸರ್ರನೆ ಏರಿ ಸರ್ರನೆ ಇಳಿಯತೊಡಗಿದರೆ, ಬ್ಯಾಟರಿಯ ಬ್ಲಾಕುಗಳ ವೋಲ್ಟೇಜನ್ನು ಸ್ಕ್ಯಾನರಿನಲ್ಲಿ ಓದಿಸಿ. ಆ ಬ್ಲಾಕುಗಳೊಳಗಿನ ದಣಿದ ಒಂದು ಮಾಡ್ಯೂಲನ್ನು ಮಾತ್ರ ಬದಲಿಸುವುದು ಅಗ್ಗವೆಂದು ತೋರಿದರೂ, ಹೊಸದೊಂದು ಹಳೆಯ ಹಲವರೊಡನೆ ಹೆಜ್ಜೆ ಕೂಡಿಸಲಾರದೆ ಆರೆಂಟು ತಿಂಗಳಲ್ಲೇ ಮತ್ತೊಂದು ಕೈಕೊಡುವ ಸಂಭವವಿರುವುದರಿಂದ, ಹಣವಿದ್ದರೆ ಇಡಿಯ ಪ್ಯಾಕನ್ನೇ ಹಾಕಿಸುವುದು ಲೇಸೆಂಬುದು ನನ್ನ ಮತ.

ಬಂಡೀಪುರದ ಹಾದಿಯಲ್ಲಿ ಹೊರಡುವವರು ಪೆಟ್ರೋಲನ್ನು ಗುಂಡ್ಲುಪೇಟೆಯಲ್ಲಿಯೇ ತುಂಬಿಸಿಕೊಳ್ಳತಕ್ಕದ್ದು. ಹೈರೈಡರಿನ ಬ್ಯಾಟರಿಯ ಸಾಮರ್ಥ್ಯ ಒಂದು ಯೂನಿಟ್ಟಿಗೂ ಕಡಿಮೆ, ಅದರ ಭರವಸೆಯಲ್ಲಿ ಕಾಡು ದಾಟಲಾಗದು. ಚಿಕ್ಕ ಬ್ಯಾಟರಿ ಕೈಕೊಟ್ಟರೆಂದು ಜೊತೆಗೊಂದು ಜಂಪ್ ಸ್ಟಾರ್ಟರ್ ಇರಲಿ. ದಾರಿಯಲ್ಲಿ ನಿಂತು ತಡಮಾಡುವಂತಿಲ್ಲ: ಕಾಡಿನ ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟುಗಳ ಬಾಗಿಲು ರಾತ್ರಿ 9ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ.